ಕಾಲು ಚಿಗುರಿದರೆ ಕೂಡಲೇ ತಿಳಿಸಿ

ಕೆನಡಾ ಸರ್ಕಾರಕ್ಕೆ ಮನುಷ್ಯನ ದೇಹದ ಮೇಲೆ ಬಹಳ ನಂಬಿಕೆ. ಅಲ್ಲಿನ ಸೈನಿಕರೊಬ್ಬರು 2006ರಲ್ಲಿ ಅಫ್ಘಾನಿಸ್ತಾನದ ಕಂದಹಾರದ ಬಾಂಬ್ ದಾಳಿಯಲ್ಲಿ ಎರಡೂ ಕಾಲು ಕಳೆದುಕೊಂಡರು. ಸವಲತ್ತು ಬೇಕಾ? ಹಾಗಿದ್ದರೆ ಕಾಲು ಇನ್ನೂ ಬಂದಿಲ್ಲ ಅಂತ ವರ್ಷ ವರ್ಷವೂ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ ಅಂದಿತು ಸರ್ಕಾರ. ತಪ್ಪೇನಿದೆ? ಹಲ್ಲಿಗೆ ಬಾಲ ಬರೋದಿಲ್ವಾ? ದೇಶಕ್ಕಾಗಿ ಏನು ಬೇಕಾದರೂ ಮಾಡುತ್ತೇನೆ ಅಂತ ಪ್ರಮಾಣ ಮಾಡಿದ ಸೈನಿಕ, ಮನಸ್ಸು ಮಾಡಿದರೆ ಒಂದು ಕಾಲು ಬೆಳೆಸಿಕೊಳ್ಳಲಾರನೇ?

ಜನ ಬೈದರು. 2015ರಲ್ಲಿ ಸರ್ಕಾರ ಕರಗಿತು. ಇನ್ನು ಮೇಲೆ ಮೂರು ವರ್ಷಕ್ಕೊಮ್ಮೆ ಬರೆಸಿ ತಂದರೆ ಸಾಕು ಅಂತು. ಕಾಲು ಚಿಗುರಲು ಒಂದು ವರ್ಷ ಸಾಲದು ಅನ್ನೋದು ಮೇಲಿನವರಿಗೆ ಮನವರಿಕೆ ಆಗಿರಬೇಕು.

ನಮ್ಮಲ್ಲಿ ಕಾಲಿನ ವಿಚಾರ ಆಮೇಲೆ. ಮೊದಲು ಆಸಾಮಿ ಇದ್ದಾನೋ ಇಲ್ಲವೋ ಗೊತ್ತಾಗಬೇಕು. ಅದಕ್ಕೇ ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಕೌಂಟರ್ ಮುಂದೆ ನಿಂತು ನಾಲ್ಕು ಸಲ ಕೆಮ್ಮಿದರೆ ಬದುಕಿದ್ದಾನೆ ಅಂತ ಅರ್ಥವಲ್ಲ. ಸವೆದ ಬೆರಳನ್ನು ಯಂತ್ರ ಒಪ್ಪಬೇಕು.

ಹೆಂಡತಿಯ ಪಾಡು ಇನ್ನೊಂದು. ಗಂಡ ಸೇನೆಗೆ ಸೇರಿದಾಗ ಯಾರೋ ಕೇಳಿಸಿಕೊಂಡ ಹಾಗೆ ಅವಳ ಹೆಸರು ಬರೆದುಕೊಂಡಿರುತ್ತಾರೆ. ಆಧಾರ್‌ನಲ್ಲಿ ಅದೇ ಹೆಸರಿಗೆ ಒಂದಕ್ಷರ ಜಾಸ್ತಿ. ಅವನು ಇರೋವರೆಗೂ ಯಾರಿಗೂ ಅದು ಕಾಣೋದಿಲ್ಲ. ಅವನು ಹೋದ ಮೇಲೆ ಎಲ್ಲರ ಕಣ್ಣಿಗೂ ಅದೊಂದೇ.

"ಇದು ಬೇರೆ ಯಾರೋ ಇರಬೇಕಲ್ಲಮ್ಮ?"

"ನಾನೇ ಸಾರ್. ನಲವತ್ತು ವರ್ಷ ಅವರ ಜೊತೆ ಬಾಳಿದ್ದೀನಿ."

"ಅದಕ್ಕೆ ಏನಾದ್ರೂ ಝೆರಾಕ್ಸ್ ಇದ್ಯಾ?"

ಚಪ್ಪಾಳೆಗೆ ಮಾತ್ರ ಯಾವ ದಾಖಲೆಯೂ ಬೇಡ. ಸಮಾರಂಭದ ದಿನ "ನಮ್ಮ ಹೆಮ್ಮೆಯ ವೀರರು" ಅಂತ ಕೂಗುವಾಗ ಯಾರ ಬೆರಳನ್ನೂ ಯಂತ್ರಕ್ಕೆ ಒತ್ತಿಸೋದಿಲ್ಲ. ಭಾಷಣವಂತೂ ಬಾಕಿ ಇಲ್ಲದೆ ಪೂರ್ತಿ ಪಾವತಿಯಾಗುತ್ತದೆ. ಭಾಷಣಕಾರ ತಡವಾಗಿ ಬಂದಿದ್ದರೆ ಬಡ್ಡಿ ಸಮೇತ.

ಕೇಳಿದ್ದನ್ನೇ ಕೇಳುವ ಸೈನಿಕರಿಗೆ ಏನು ಮಾಡಬೇಕು ಅನ್ನೋದನ್ನು ಅಮೆರಿಕ ಎಂದೋ ತೋರಿಸಿಕೊಟ್ಟಿದೆ. ಮೊದಲ ಮಹಾಯುದ್ಧದಲ್ಲಿ ಕಾದಾಡಿದವರಿಗೆ ಅದು 1924ರಲ್ಲಿ ಬೋನಸ್ ಘೋಷಿಸಿತು. ಕೈಗೆ ಸಿಗೋದು ಮಾತ್ರ 1945ಕ್ಕೆ. ನಡುವೆ ಬದುಕಿರುವ ಕೆಲಸ ಅವರವರದೇ. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಕೆಲಸ ಹೋಯಿತು. 1932ರಲ್ಲಿ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಾಷಿಂಗ್ಟನ್‌ಗೆ ಬಂದು ಡೇರೆ ಹಾಕಿದರು. ನಮ್ಮ ದುಡ್ಡು ಈಗಲೇ ಕೊಡಿ ಅಂದರು. ಸರ್ಕಾರ ಅವರನ್ನು ಗುಮಾಸ್ತರ ಕೈಗೆ ಬಿಡಲಿಲ್ಲ. ಸೈನಿಕರಿಗೆ ಸೈನಿಕರದೇ ಸ್ವಾಗತ ಅಂತ ಜನರಲ್ ಮೆಕಾರ್ಥರ್ ಅವರನ್ನೇ ಕಳಿಸಿತು. ಕುದುರೆ ಸವಾರರು, ಟ್ಯಾಂಕುಗಳು, ಅಶ್ರುವಾಯು, ಎಲ್ಲವೂ ಬಂದವು. ಡೇರೆಗಳು ಸುಟ್ಟುಹೋದವು. ದುಡ್ಡು ಕೊಡುವ ತೀರ್ಮಾನ ಆಗಿದ್ದು 1936ರಲ್ಲಿ.

ಅಂದು ಓಡಿಸಲು ಬಂದ ಸೈನಿಕರೂ ಮುಂದೆ ಮಾಜಿಗಳಾದರು ಬಿಡಿ.