ವಿಲಿಯಂ ದೊರೆಯ ನೆನಪು ಬೀದಿಯಲ್ಲೇ ನಡೆಯಬೇಕೆ?

ಉತ್ತರ ಐರ್ಲೆಂಡಿನಲ್ಲಿ ಜುಲೈ 12 ಸರ್ಕಾರಿ ರಜೆ. ಪ್ರಾಟೆಸ್ಟೆಂಟ್ ದೊರೆ ಮೂರನೆಯ ವಿಲಿಯಂ 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್‌ನನ್ನು ಸೋಲಿಸಿದ ನೆನಪಿನ ದಿನ ಅದು. ಜೇಮ್ಸ್ ಅವನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಅವನೇ. ನಮ್ಮ ಕಡೆ ಒಪ್ಪುವ ಸಂಬಂಧ! 1795ರಲ್ಲಿ ಹುಟ್ಟಿದ ಪ್ರಾಟೆಸ್ಟೆಂಟ್ ಸಂಘ ಆರೆಂಜ್ ಆರ್ಡರ್‌ನ ಶಾಖೆಗಳು ಅಂದು ಬ್ಯಾಂಡ್ ಸಮೇತ ಊರೂರಲ್ಲಿ ಮೆರವಣಿಗೆ ಹೊರಡುತ್ತವೆ. ಹಿಂದಿನ ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ.

ಪರ: ರಸ್ತೆಯೇ ಅವರ ಸ್ಮಾರಕ

ದೊರೆಯ ಸಮಾಧಿ ದೂರದ ಲಂಡನ್ನಿನಲ್ಲಿದೆ. ಡಬ್ಲಿನ್‌ನ ಕಾಲೇಜ್ ಗ್ರೀನ್‌ನಲ್ಲಿ 1701ರಲ್ಲಿ ನಿಲ್ಲಿಸಿದ್ದ ಅವನ ಕುದುರೆ ಸವಾರಿ ಪ್ರತಿಮೆಯನ್ನು 1928ರಲ್ಲಿ ಸ್ಫೋಟಿಸಿದರು, ಮರುವರ್ಷ ಅದು ಅಲ್ಲಿಂದಲೇ ಹೋಯಿತು. ಅಲ್ಸ್ಟರಿನ, ಅಂದರೆ ಐರ್ಲೆಂಡಿನ ಈ ಉತ್ತರ ಭಾಗದ, ಪ್ರಾಟೆಸ್ಟೆಂಟರಿಗೆ ನೆನಪಿಡಲು ಉಳಿದದ್ದು ಮುಖ್ಯವಾಗಿ ಬೀದಿ.

ಮೆರವಣಿಗೆ ಎಂದರೆ ಮನಬಂದಂತೆ ನುಗ್ಗುವುದು ಎಂದುಕೊಂಡವರು ಅದರ ಕಾಗದಪತ್ರ ನೋಡಿಲ್ಲ. 28 ದಿನ ಮೊದಲೇ ಪೊಲೀಸರಿಗೆ ನೋಟಿಸ್ ಕೊಡಬೇಕು. ಹೊರಡುವ ಹೊತ್ತು, ದಾರಿ, ಎಷ್ಟು ಜನ, ಯಾವ ಬ್ಯಾಂಡ್, ಎಲ್ಲವೂ ಅದರಲ್ಲಿರಬೇಕು. ಪ್ರತಿಭಟಿಸುವವರಿಗೂ 14 ದಿನದ ನೋಟಿಸ್ ಇದೆ. ತಕರಾರಿರುವ ಕಡೆ ಪರೇಡ್ಸ್ ಕಮಿಷನ್ ಎಂಬ ಅಧಿಕೃತ ಮಂಡಳಿ ದಾರಿ ಬದಲಿಸುತ್ತದೆ, ಚರ್ಚಿನ ಮುಂದೆ ವಾದ್ಯ ನಿಲ್ಲಿಸು ಎನ್ನುತ್ತದೆ. ಮೆರವಣಿಗೆಯನ್ನೇ ನಿಷೇಧಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.

ಜಗಳ ಸಾಮಾನ್ಯವಾಗಿ ಹತ್ತುವುದು ಸಂಜೆ, ಕುಡಿತ ಏರಿದ ಮೇಲೆ ಹಿಂದಿರುಗುವ ದಾರಿಯಲ್ಲಿ. ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಬಡಾವಣೆ ಆರ್ಡಾಯ್ನ್‌ನಲ್ಲಿ 2013ರಲ್ಲಿ ವಾಪಸ್ ದಾರಿ ಮುಚ್ಚಿದಾಗ ಮೂರು ವರ್ಷ ಧರಣಿ ಶಿಬಿರ ನಡೆಯಿತು. 2016ರ ಅಕ್ಟೋಬರ್ 1ರ ಬೆಳಿಗ್ಗೆ, ಮಾತುಕತೆಯ ನಂತರ, ಒಮ್ಮೆ ನಡೆದು ಮುಗಿಸಿ ಶಿಬಿರ ಎತ್ತಿದರು. ಡೆರಿ ನಗರಕ್ಕೆ 1689ರಲ್ಲಿ ಜೇಮ್ಸ್‌ನ ಸೇನೆ ಹಾಕಿದ 105 ದಿನಗಳ ಮುತ್ತಿಗೆಯನ್ನು ನೆನೆಯುವ ಪ್ರಾಟೆಸ್ಟೆಂಟ್ ಸಂಘ ಅಪ್ರೆಂಟಿಸ್ ಬಾಯ್ಸ್ ಕೂಡ ಎದುರು ಕ್ಯಾಥೊಲಿಕ್ ಬಡಾವಣೆಯವರೊಂದಿಗೆ ಕೂತು ಮಾತಾಡಿಯೇ ದಾರಿ ಕಂಡುಕೊಂಡರು. ಗಡಿಯಾಚೆ, ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ ಡೊನೆಗಾಲ್‌ನ ರಾಸ್‌ನೋಲಾ ಕಡಲ ತೀರದಲ್ಲಂತೂ 12ಕ್ಕೆ ಮುಂಚಿನ ಶನಿವಾರ ಮೆರವಣಿಗೆ ಗಲಾಟೆಯಿಲ್ಲದೆ ನಡೆಯುತ್ತದೆ.

ಇನ್ನು ಹಳ್ಳಿ ಕಡೆಯ ಲ್ಯಾಂಬೆಗ್ ಡೋಲು. ಬಗ್ಗಿಸಿದ ಓಕ್ ಬಳೆ, ಎರಡೂ ಬದಿಗೆ ಮೇಕೆ ಚರ್ಮ, ಸುಮಾರು 3 ಅಡಿ ಅಗಲ. ಬೆತ್ತದ ಕಡ್ಡಿಯ ಪೆಟ್ಟಿಗೆ ಸದ್ದು 120 ಡೆಸಿಬೆಲ್ ಮುಟ್ಟುತ್ತದೆ. ಗಾಳಿಯಲ್ಲಿ ತೇವ ಕೂತರೆ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ, ಹಗ್ಗ ಮತ್ತೆ ಎಳೆದು ಬಿಗಿಯಬೇಕು. ತಮಟೆ ಕಾಯಿಸಿದವರಿಗೆ ಈ ಪಾಡು ಗೊತ್ತು. ಇದನ್ನು ಮ್ಯೂಸಿಯಂ ಗಾಜಿನೊಳಗೆ ಇಟ್ಟರೆ ಮರ ಮತ್ತು ಚರ್ಮ ಉಳಿದಾವು, ಬಾರಿಸುವ ಕೈ ಉಳಿಯದು.

ವಿರೋಧ: ನೆನೆಯುತ್ತಿರುವುದು ಆ ದೊರೆಯನ್ನೇ ಅಲ್ಲ

ಮೊದಲು ತಾರೀಖು. ಬಾಯ್ನ್ ಯುದ್ಧ ನಡೆದದ್ದು ಹಳೆಯ (ಜೂಲಿಯನ್) ಕ್ಯಾಲೆಂಡರಿನ ಜುಲೈ 1ರಂದು. ಈಗಿನ ಕ್ಯಾಲೆಂಡರಿಗೂ ಅದಕ್ಕೂ ಆ ಶತಮಾನದ ಅಂತರ 10 ದಿನ, ಹಾಗಾಗಿ ಹೊಸ ಲೆಕ್ಕಕ್ಕೆ 11 ಆಗಬೇಕು. ಹಳೆಯ ಕ್ಯಾಲೆಂಡರಿನ ಜುಲೈ 12 ಎಂದರೆ 1691ರ ಆಕ್ರಿಮ್ ಯುದ್ಧ, ಬಾಯ್ನ್‌ಗಿಂತ ಎಷ್ಟೋ ಹೆಚ್ಚು ರಕ್ತ ಹರಿದ ದಿನ. ಇದೇನೋ ಸಣ್ಣ ಮಾತು, ಬಿಡಿ.

ದೊಡ್ಡ ಮಾತು ಇದು. ಯುದ್ಧ ಮುಗಿಸಿದ 1691ರ ಲಿಮೆರಿಕ್ ಒಪ್ಪಂದ ಕ್ಯಾಥೊಲಿಕರಿಗೆ ಒಂದಿಷ್ಟು ರಕ್ಷಣೆಯ ಮಾತು ಕೊಟ್ಟಿತ್ತು. ಡಬ್ಲಿನ್‌ನ ಪಾರ್ಲಿಮೆಂಟು 1697ರಲ್ಲಿ ಅದನ್ನು ಮೊಟಕುಗೊಳಿಸಿಯೇ ಒಪ್ಪಿತು. ಅಷ್ಟರಲ್ಲಿ, 1695ರ ಕಾನೂನಿನಂತೆ, ಕ್ಯಾಥೊಲಿಕನೊಬ್ಬ 5 ಪೌಂಡಿಗೂ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿರಲಿಲ್ಲ. ಗೆದ್ದವರೂ ಪೂರ್ತಿ ಗೆಲ್ಲಲಿಲ್ಲ: ಮುತ್ತಿಗೆಯಲ್ಲಿ ಡೆರಿಯ ಗೋಡೆ ಕಾದ ಪ್ರೆಸ್ಬಿಟೇರಿಯನ್ನರನ್ನು, ಅಂದರೆ ಸರ್ಕಾರಿ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರನ್ನು, 1704ರ ಕಾನೂನು ಸರ್ಕಾರಿ ಹುದ್ದೆಗಳಿಂದ ಹೊರಗಿಟ್ಟಿತು. ಮೆರವಣಿಗೆಯ ಬ್ಯಾನರುಗಳಲ್ಲಿ ವಿಲಿಯಂನ ಬಿಳಿ ಕುದುರೆ ಕಾಣುತ್ತದೆ, 5 ಪೌಂಡಿನ ಕುದುರೆ ಕಾಣುವುದಿಲ್ಲ.

ನೋಟಿಸು, ಕಮಿಷನ್ ಎಲ್ಲ ಸರಿ, ಆದರೆ ಅವು ಹುಟ್ಟಿದ್ದು ಯಾವ ಹೊತ್ತಿನಲ್ಲಿ? 1998ರಲ್ಲಿ ಪೋರ್ಟಡೌನ್‌ನ ಡ್ರಮ್‌ಕ್ರೀ ಚರ್ಚಿನಿಂದ ಕ್ಯಾಥೊಲಿಕರಿರುವ ಗಾರ್ವಾಹಿ ರಸ್ತೆಗಿಳಿಯುವ ದಾರಿಗಾಗಿ ಆರೆಂಜ್ ಆರ್ಡರ್‌ನವರ ಹಟ ನಡೆದಿತ್ತು. ಅದೇ ಜುಲೈ 12ರ ನಸುಕಿನಲ್ಲಿ ಬ್ಯಾಲಿಮನಿಯ ಮನೆಯೊಂದಕ್ಕೆ ಬಿದ್ದ ಪೆಟ್ರೋಲ್ ಬಾಂಬಿಗೆ 10, 9, 8 ವರ್ಷದ ಅಣ್ಣತಮ್ಮಂದಿರು ಸತ್ತರು.

ಮೆರವಣಿಗೆಯ ಪರ ಬರೆಯುವವರು ಬೆಂಕಿಯ ಬಗ್ಗೆ ಬಾಯಿ ಬಿಡುವುದು ಕಡಿಮೆ. ಅದಕ್ಕೆ ನೋಟಿಸೂ ಇಲ್ಲ. ಮರದ ಪ್ಯಾಲೆಟ್‌ಗಳನ್ನು ಗೋಪುರದಂತೆ ಪೇರಿಸುತ್ತಾರೆ, ಕೆಲವೆಡೆ ಒಳಗೆ ಟೈರು, ತುದಿಗೆ ಐರಿಷ್ ಬಾವುಟ. 2022ರಲ್ಲಿ ಲಾರ್ನ್‌ನ ಒಂದು ರಾಶಿ 200 ಅಡಿ ದಾಟಿತು. ಅದೇ ಊರಿನ ಇನ್ನೊಂದು ರಾಶಿ ಕಟ್ಟುವಾಗ ಒಬ್ಬ ಬಿದ್ದು ಸತ್ತ. ಟೈರಿನ ಹೊಗೆ ವಿಷ. ಝಳಕ್ಕೆ ಹತ್ತಿರದ ಮನೆಗಳ ಕಿಟಕಿ ಗಾಜು ಸೀಳುತ್ತದೆ, ಹಾಗಾಗಿ ಮೊದಲೇ ಹಲಗೆ ಬಡಿಯಬೇಕು, ಅಗ್ನಿಶಾಮಕದವರು ಗೋಡೆಗಳಿಗೆ ನೀರು ಹಾಯಿಸುತ್ತ ನಿಲ್ಲಬೇಕು. ಡಾಂಬರು ಕರಗಿ ರಸ್ತೆ ಹಾಳಾದರೆ ದುರಸ್ತಿ ಸಾರ್ವಜನಿಕರ ಹಣದಲ್ಲಿ.

ಯುದ್ಧ ನಡೆದ ಓಲ್ಡ್‌ಬ್ರಿಜ್‌ನಲ್ಲಿ 2008ರಿಂದ ಐರ್ಲೆಂಡ್ ಸರ್ಕಾರದ್ದೇ ಸ್ಮಾರಕ ಕೇಂದ್ರವಿದೆ. ಅಲ್ಲಿಗೆ ಹೋಗಬಹುದು. ಬೆಂಕಿ ಬೇಕೇ ಬೇಕೆಂದರೆ ಬೆಲ್‌ಫಾಸ್ಟ್‌ನಲ್ಲಿ ಬಳಸಿ ನೋಡಿದ ಬೀಕನ್ ಇದೆ: ನೆಲಕ್ಕೆ ಮರಳು ಹಾಸಿ, ಮೇಲೆ ಕಬ್ಬಿಣದ ಪಂಜರ ನಿಲ್ಲಿಸಿ, ವಿಲೋ ಮರದ ಚಕ್ಕೆ ತುಂಬಿ ಹಚ್ಚುವುದು. ಡಾಂಬರು ಉಳಿಯುತ್ತದೆ, ಟೈರಿಗೆ ಜಾಗವಿಲ್ಲ. ಪಕ್ಕದ ಬಡಾವಣೆಗಿಂತ ಒಂದು ಅಡಿಯಾದರೂ ಎತ್ತರ ಪೇರಿಸಬೇಕೆಂದು ಪೈಪೋಟಿಗೆ ಬಿದ್ದ ಹುಡುಗರಿಗೆ ಮಾತ್ರ ಅದು ರುಚಿಸುವುದಿಲ್ಲ.