ಕ್ಲಿಕ್ ಅಂದಿದ್ದನ್ನು ನಂಬಿ

ಟಾರ್ಕ್ ರೆಂಚ್ ‘ಕ್ಲಿಕ್’ ಅಂದಾಗ ಸಿಗುವ ಸಮಾಧಾನ ಬೇರೆ ಯಾವ ಪಾನಾದಲ್ಲೂ ಸಿಗುವುದಿಲ್ಲ. ಮಾಮೂಲಿ ಪಾನಾ ಹಿಡಿದರೆ ಸಾಕಾ, ಇನ್ನೂ ಸ್ವಲ್ಪ ಬೇಕಾ ಅಂತ ನಾವೇ ತಲೆ ಕೆಡಿಸಿಕೊಳ್ಳಬೇಕು. ಇದು ಹಾಗಲ್ಲ. ಬೇಕಾದ ಬಿಗಿಯನ್ನು ಮೊದಲೇ ಹೊಂದಿಸಿಟ್ಟರೆ, ಅಷ್ಟು ಆದಾಗ ‘ಸಾಕು ಬಿಡಪ್ಪ’ ಅಂತ ತಾನೇ ಹೇಳುತ್ತದೆ. ಆ ಮಾತು ನಂಬಿ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ.

ನಾವು ಮೂವರು ಸೇರಿ ಇಟ್ಟುಕೊಂಡಿರುವ ಪುಟ್ಟ ವಿಮಾನ. ಎರಡು ಸೀಟು, ನಾಲ್ಕು ಸಿಲಿಂಡರ್, ಗಾಳಿಗೇ ತಣ್ಣಗಾಗುವ ಹೊಸ ಇಂಜಿನ್. ಹೊಸ ಇಂಜಿನ್ ಹೊಸ ಚಪ್ಪಲಿ ಇದ್ದ ಹಾಗೆ, ಹೊಂದಿಕೊಳ್ಳೋಕೆ ಕೆಲವು ದಿನ ಬೇಕು. ಹಾಗೆ ಹೊಂದಿಕೊಳ್ಳುವಾಗ ಸಿಲಿಂಡರಿನ ಮುಚ್ಚಳವನ್ನು, ಅಂದರೆ ಹೆಡ್ಡನ್ನು, ಹಿಡಿದಿಡುವ ಹೆಡ್ ಬೋಲ್ಟುಗಳ ಬಿಗಿ ಒಂಚೂರು ಇಳಿಯಬಹುದು. ಅದಕ್ಕೇ ಮೊದಲ ಕೆಲವು ಗಂಟೆ ಹಾರಿಸಿದ ಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, ನೋಡಿ ಅಂತ ನಮ್ಮ ಕೈಪಿಡಿಯಲ್ಲಿದೆ. ಲೈಕಾಮಿಂಗ್, ಕಾಂಟಿನೆಂಟಲ್‌ನಂಥ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ರಗಳೆಯೇ ಇಲ್ಲ. ಹೆಡ್ಡನ್ನು ಕಾಯಿಸಿ ಬ್ಯಾರಲ್ಲಿಗೆ, ಅಂದರೆ ಸಿಲಿಂಡರಿನ ಕೊಳವೆಗೆ, ತಿರುಪಿ ಕೂರಿಸಿಬಿಟ್ಟಿರುತ್ತಾರೆ, ಹೆಡ್ ಬೋಲ್ಟೇ ಇರುವುದಿಲ್ಲ. ಅಂಥ ವಿಮಾನದವರು ಭಾನುವಾರ ಏನು ಮಾಡುತ್ತಾರೋ ಕಾಣೆ.

ನಮಗೊಬ್ಬರು ಗುರುಗಳಿದ್ದಾರೆ. ಜೀವಮಾನವೆಲ್ಲ ವಿಮಾನದ ಇಂಜಿನ್ ಬಿಚ್ಚಿದವರು. ಲಾಗ್ ಬುಕ್ಕಿಗೆ ಸಹಿ ಹಾಕುವ ಅಧಿಕಾರ ಅವರದು, ಕೈ ಕೊಳೆ ಮಾಡಿಕೊಳ್ಳುವ ಭಾಗ್ಯ ನನ್ನದು.

ಬೆಳಗ್ಗೆ ಒಂದು ಸುತ್ತು ಹಾರಿಸಿ, ಇಳಿದವನೇ ಹುಮ್ಮಸ್ಸಿನಿಂದ ಇಂಜಿನ್ನಿನ ಹೊದಿಕೆ, ಅಂದರೆ ಕೌಲಿಂಗ್, ತೆಗೆದೆ. ಗುರುಗಳು ದೂರದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಏನಪ್ಪಾ, ಇಂಜಿನ್ ಮುಟ್ಟಿ ನೋಡಿದ್ಯಾ?”

ಮುಟ್ಟಿದೆ. ಬೆರಳು ತಾನಾಗೇ ಬಾಯಿಗೆ ಹೋಯಿತು.

“ಅಲ್ಯೂಮಿನಿಯಮ್ಮು ಬಿಸಿಗೆ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. ಹೆಡ್ಡು ಹಿಗ್ಗಿ ಬೋಲ್ಟನ್ನ ಎಳ್ಕೊಂಡು ನಿಂತಿರುತ್ತೆ. ಈಗ ನೋಡಿದ್ರೆ ಲೆಕ್ಕ ಸಿಗಲ್ಲ. ತಣ್ಣಗಾಗ್ಲಿ.”

ಅಂದರೆ ಮಧ್ಯಾಹ್ನದವರೆಗೆ ಕಾಯಬೇಕು. ಮನೆಗೆ ಫೋನ್ ಮಾಡಿ “ಇಂಜಿನ್ ತಣ್ಣಗಾಗ್ಬೇಕು ಕಣೆ, ತಡ ಆಗುತ್ತೆ” ಅಂದೆ. “ಅದು ತಣ್ಣಗಾಗೋಷ್ಟರಲ್ಲಿ ನಾನು ಬಿಸಿ ಆಗಿರ್ತೀನಿ” ಅಂತ ಉತ್ತರ ಬಂತು.

ತಣ್ಣಗಾಯಿತು. ಮ್ಯಾಗ್ನೆಟೋ ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟೆ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಹಂಗಿಲ್ಲ. ಆಫ್ ಇದ್ದರೂ ಸ್ವಿಚ್ಚಿನ ಅರ್ಥಿಂಗ್ ತಂತಿ ಎಲ್ಲೋ ತುಂಡಾಗಿದ್ದರೆ, ಪ್ರೊಪೆಲ್ಲರ್ ಸುಮ್ನೆ ಕೈಯಲ್ಲಿ ತಿರುಗಿಸಿದರೂ ಇಂಜಿನ್ ಒದೆಯಬಹುದು. ಈ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಆಮೇಲೆ ಹೆಡ್ಡಿನ ಮೇಲಿನ ರಾಕರ್ ಕವರ್ ತೆಗೆದೆ. ಒಳಗೆ ಉಳಿದಿದ್ದ ಎಣ್ಣೆ ಒಂದು ಕ್ಷಣ ಅಂಚಿನಲ್ಲಿ ನಿಂತು, ಯೋಚನೆ ಮಾಡಿ, ಕೆಳಗಿಟ್ಟಿದ್ದ ತಟ್ಟೆ ಬಿಟ್ಟು ಸೀದಾ ನನ್ನ ತೋಳಿನೊಳಗೆ ಇಳಿಯಿತು. ಮೊಣಕೈವರೆಗೂ ಹೋಗಿದ್ದು ಗೊತ್ತಾಯಿತು. ಅಲ್ಲಿಂದ ಮುಂದೆ ವಿಚಾರಿಸಲಿಲ್ಲ.

ಕೈಪಿಡಿಯಲ್ಲಿ 20 ಅಂತಿತ್ತು. ರೆಂಚಿನ ಹಿಡಿ ತಿರುಗಿಸಿ 20ಕ್ಕೆ ತಂದೆ. ಸಿಲಿಂಡರಿಗೆ ಆರರಂತೆ ಒಟ್ಟು 24 ಬೋಲ್ಟು. ಹಾಕಿದೆ, ಒತ್ತಿದೆ, ಕ್ಲಿಕ್. ಮುಂದಿನದು, ಕ್ಲಿಕ್. ಬಿಗಿ ಇಳಿದ ಬೋಲ್ಟಾದರೆ ಕ್ಲಿಕ್ಕಿಗೆ ಮುಂಚೆ ಕೊಂಚ ತಿರುಗುತ್ತದೆ. ಒಂದಾದರೂ ಕೂದಲೆಳೆಯಷ್ಟು ಅಲುಗಾಡಬೇಕಲ್ಲ, ಇಲ್ಲ. ಅರ್ಧ ಗಂಟೆಯಲ್ಲಿ 24 ಕ್ಲಿಕ್. ನನ್ನ ಕೈಗುಣಕ್ಕೆ ನಾನೇ ಬೆರಗಾದೆ.

“ಎಲ್ಲಾ ಸರಿ ಇದೆ ಗುರುಗಳೇ. ಒಂದೂ ತಿರುಗಲಿಲ್ಲ.”

“ಹೌದಾ? ಒಂದೂ ತಿರುಗಲಿಲ್ವಾ?” ಅವರು ಎದ್ದು ಬಂದು ರೆಂಚು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ ಕಣ್ಣ ಹತ್ತಿರ ಹಿಡಿದರು. “ಇದು ಯಾವ ಸ್ಕೇಲು?”

ಹಿಡಿಯ ಮೇಲೆ ಎರಡು ಸ್ಕೇಲು ಕೊರೆದಿರುತ್ತಾರೆ, ಒಂದು ಕಡೆ ಅಡಿ-ಪೌಂಡು, ಇನ್ನೊಂದು ಕಡೆ ನ್ಯೂಟನ್-ಮೀಟರು. ಕೈಪಿಡಿ ಹೇಳಿದ್ದು 20 ಅಡಿ-ಪೌಂಡು, ಅಂದರೆ ಸುಮಾರು 27 ನ್ಯೂಟನ್-ಮೀಟರು. ನಾನಿಟ್ಟಿದ್ದು 20 ನ್ಯೂಟನ್-ಮೀಟರಿಗೆ. ಹೆಚ್ಚುಕಡಿಮೆ ಕಾಲು ಭಾಗ ಕಮ್ಮಿ. ಪ್ರಶ್ನೆಪತ್ರಿಕೆ ಅಷ್ಟು ಸುಲಭ ಇದ್ದರೆ ಎಲ್ಲರೂ ಪಾಸಾಗಲೇಬೇಕಲ್ವಾ?

“ಕಮ್ಮಿಗೆ ಇಟ್ಟಿದ್ಯಲ್ಲ, ಪುಣ್ಯ. ಉಲ್ಟಾ ಆಗಿದ್ರೆ ಥ್ರೆಡ್ಡೇ ಕಿತ್ಕೊಂಡು ಬರ್ತಿತ್ತು” ಅಂದರು. ಸಮಾಧಾನ ಹೇಳಿದರೋ ಬೈದರೋ ತಿಳಿಯಲಿಲ್ಲ.

ಮತ್ತೆ ಮೊದಲಿಂದ. ಈ ಸಲ ಜೊತೆಗೆ ಪಾಠ. ನಾವು ಹಾಕುವ ಬಲದಲ್ಲಿ ಬೋಲ್ಟನ್ನು ನಿಜವಾಗಿ ಎಳೆದು ಬಿಗಿ ಮಾಡುವುದಕ್ಕೆ ಸಿಗೋದು ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದಿದ್ದೆಲ್ಲ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ, ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. (ನನ್ನ ಸಂಬಳದ ಕಥೆಯೂ ಇದೇ.) ಅದಕ್ಕೇ ಥ್ರೆಡ್ಡಿಗೆ ಎಣ್ಣೆ ಸವರಿದ್ದರೆ ಅದೇ 20ಕ್ಕೆ ಬಿಗಿ ಜಾಸ್ತಿ, ಒಣಗಿದ್ದರೆ ಕಮ್ಮಿ. ಕಚ್ಚಿಕೊಂಡು ಕೂತ ಬೋಲ್ಟು ಅಲುಗಾಡದೆಯೇ ಕ್ಲಿಕ್ ಅನ್ನಿಸಿ ಸುಳ್ಳು ಹೇಳಲೂಬಹುದು. ಇಷ್ಟೆಲ್ಲ ಕೇಳಿದ ಮೇಲೆ ಆ ಸದ್ದಿನ ಮೇಲಿನ ನನ್ನ ಪ್ರೀತಿ ಸ್ವಲ್ಪ ತಣ್ಣಗಾಯಿತು.

ಐದನೇ ಬೋಲ್ಟು ಕ್ಲಿಕ್ ಅನ್ನುವ ಮುಂಚೆ ಮೆಲ್ಲಗೆ ತಿರುಗಿತು. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ನಯವಾಗಿ, ಅಂಗೈಗೆ ಮಾತ್ರ ಗೊತ್ತಾಗುವಷ್ಟು. ಬೆಳಗ್ಗೆ ಇದೇ ಬೋಲ್ಟಿನ ಭರವಸೆಯಲ್ಲಿ ಹಾಡು ಗುನುಗುತ್ತಾ ಹಾರಿದ್ದೆ.

ಹನ್ನೊಂದನೆಯದೋ ಹನ್ನೆರಡನೆಯದೋ ಆಗುವಾಗ ಫೋನ್ ಬಂತು. ಯಾರ ಫೋನು ಅಂತ ಹೇಳಬೇಕಾಗಿಲ್ಲ. ಮಾತಾಡಿ ವಾಪಸ್ ಬಂದೆ. ಹನ್ನೊಂದಾ? ಹನ್ನೆರಡಾ? ಗುರುಗಳು ಮಾತಾಡದೆ ಒಂದು ಬೆರಳು ಮೇಲೆತ್ತಿದರು, ಅಂದರೆ ಒಂದರಿಂದ. ಮೂರನೇ ಸಲಕ್ಕೆ ಬುದ್ಧಿ ಬಂತು. ನೋಡಿದ ಪ್ರತಿ ಬೋಲ್ಟಿಗೂ ಬಣ್ಣದ ಗೀಟು ಎಳೆಯುತ್ತಾ ಹೋದೆ. ಅಂತೂ ಒಟ್ಟು ಮೂರು ಬೋಲ್ಟು ತಿರುಗಿದ್ದವು.

ಸಾಮಾನು ಎತ್ತಿಡುವಾಗ ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿ. ರೆಂಚಿನ ತುದಿಗೆ ಸಿಕ್ಕಿಸುವ ಅಲೆನ್ ಬಿಟ್ ಇಲ್ಲ. ಬೇರೆ ಕಡೆಯಾದರೆ ‘ಹೋಗ್ಲಿ ಬಿಡು, ನಾಳೆ ಸಿಗುತ್ತೆ’ ಅನ್ನಬಹುದು. ಇಲ್ಲಿ ಅದು ಸಿಗುವವರೆಗೆ ಕೌಲಿಂಗ್ ಮುಚ್ಚುವ ಹಾಗಿಲ್ಲ. ಜೇಬು ನೋಡಿದೆ, ನೆಲ ಗುಡಿಸಿದೆ, ಎಣ್ಣೆ ತಟ್ಟೆಯೊಳಗೆ ಕೈಯಾಡಿಸಿದೆ. ಗುರುಗಳ ಕುರ್ಚಿ ಕೆಳಗೆ ಹುಡುಕಲು ಅವರನ್ನೇ ಎಬ್ಬಿಸಿದೆ. ಮುಕ್ಕಾಲು ಗಂಟೆ ಆದ ಮೇಲೆ ಅವರೇ ಟಾರ್ಚ್ ತಗೊಂಡು ಬಗ್ಗಿದರು. ನಾಲ್ಕನೇ ಸಿಲಿಂಡರಿನ ತೀರಾ ಕೆಳಗಿನ ಬೋಲ್ಟಿನಲ್ಲಿ, ನಾನು ಕೊನೆಯ ಕ್ಲಿಕ್ ಕೇಳಿಸಿಕೊಂಡು ಖುಷಿಯಿಂದ ರೆಂಚ್ ಎಳೆದುಕೊಂಡ ಜಾಗದಲ್ಲೇ, ಗೂಡಿನಲ್ಲಿ ಹಕ್ಕಿ ಕೂತಂತೆ ಕೂತಿತ್ತು.

ಕತ್ತಲಾಗಿತ್ತು. ಲಾಗ್ ಬುಕ್ ತೆಗೆದು ಒಂದು ಸಾಲು ಬರೆದೆ: ‘ಇಂಜಿನ್ ತಣ್ಣಗಿರುವಾಗ ಹೆಡ್ ಬೋಲ್ಟ್ ಟಾರ್ಕ್ ಪರೀಕ್ಷೆ ಮಾಡಿದೆ. 3 ಬೋಲ್ಟ್ ತಿರುಗಿದವು.’

ಗುರುಗಳು ಸಹಿಗೆ ಪೆನ್ನು ತೆಗೆದವರು ನಿಂತರು. “ಎಷ್ಟಕ್ಕೆ ನೋಡಿದ್ದು ಅಂತ ಬರೀಲೇ ಇಲ್ವಲ್ಲ.”

ಮುಂದೆ ‘20’ ಅಂತ ಸೇರಿಸಿದೆ.

ಅವರು ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡು, “20 ಏನಪ್ಪಾ?” ಅಂದರು.