ಪಾಸ್‌ಬುಕ್ ಇಲ್ಲದ ಬ್ಯಾಂಕು

ನಮ್ಮ ಪಕ್ಕದ ಮನೆಯ ಪಿಗ್ಮಿ ಮಾಮನಿಗೆ ಈಗ ಎಂಬತ್ತರ ಹತ್ತಿರ. ಮೂವತ್ತೈದು ವರ್ಷ ಉಡುಪಿಯ ಅಂಗಡಿ ಅಂಗಡಿ, ಮನೆ ಮನೆ ಸುತ್ತಿ ಪಿಗ್ಮಿ, ಅಂದರೆ ಬ್ಯಾಂಕಿಗೆ ದಿನ ದಿನದ ಉಳಿತಾಯದ ದುಡ್ಡು, ಎತ್ತಿದವರು. ಅವರಿಗೆ ಸ್ವಂತ ಹೆಸರೊಂದು ಉಂಟು, ಆದರೆ ಅದು ರೇಷನ್ ಕಾರ್ಡಿಗೆ ಮಾತ್ರ. ಸ್ವಲ್ಪ ಸಮಯದ ಹಿಂದೆ ನನ್ನ ತಂಗಿಯ ಮಗಳು ಅವರ ಜಗಲಿಯಲ್ಲಿ ನಿಂತು, "ಮಾಮ, ನನಗೊಂದು ಬ್ಯಾಂಕ್ ಅಕೌಂಟ್ ಆಗ್ಬೇಕಂತೆ, ಕ್ರೆಡಿಟ್ ಇಡ್ಲಿಕ್ಕೆ" ಅಂದಳು. ಮಾಮ ಪೇಪರ್ ಮಡಚಿಟ್ಟು ಕನ್ನಡಕ ಸರಿ ಮಾಡಿಕೊಂಡರು.

"ಯಾವ ಬ್ಯಾಂಕು? ಬಡ್ಡಿ ಎಷ್ಟು?"

ನಮ್ಮ ಊರಿನವರ ಮುಂದೆ ಬ್ಯಾಂಕಿನ ಸುದ್ದಿ ತೆಗೆಯುವಾಗ ಸ್ವಲ್ಪ ಜಾಗ್ರತೆ ಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, ಆಮೇಲೆ ಕರ್ಣಾಟಕ ಬ್ಯಾಂಕು, ಸಿಂಡಿಕೇಟು, ವಿಜಯಾ. ಬೇರೆ ಕಡೆ ಮನೆಗೊಂದು ತೆಂಗಿನ ಮರ ಇದ್ದರೆ ನಮ್ಮಲ್ಲಿ ಪೇಟೆಗೊಂದು ಬ್ಯಾಂಕು ಹುಟ್ಟುತ್ತಿತ್ತು. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ದುಡ್ಡು ಎತ್ತುವ ಪಿಗ್ಮಿ ಶುರು ಮಾಡಿದರು. 2019 ಮತ್ತು 2020ರಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರನ್ನೂ ವಿಲೀನ ಮಾಡಿ ನುಂಗಿದರು. ಮೂರು ಬ್ಯಾಂಕು ಕಳಕೊಂಡ ಊರಿಗೆ ದೆಹಲಿಯವರು ಸಮಾಧಾನಕ್ಕೆ ಒಂದು ಹೊಸ ಬ್ಯಾಂಕು ಕೊಟ್ಟಿದ್ದಾರೆ ಅಂತ ಮಾಮನಿಗೆ ಅನ್ನಿಸಿರಬೇಕು.

ಹುಡುಗಿ ವಿವರಿಸಿದಳು. ಇದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಓದಿದ್ದರ ಲೆಕ್ಕವನ್ನು ಜಮೆ ಇಡುವ ಆನ್‌ಲೈನ್ ಖಾತೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದವರು 2021ರ ಜುಲೈಯಲ್ಲಿ ತಂದದ್ದು. ಅದರ ಮೇಲೆ 2023ರ ಏಪ್ರಿಲಿನಲ್ಲಿ ಕಲಿಕೆಯನ್ನು ಕ್ರೆಡಿಟಿನಲ್ಲಿ ಅಳೆಯುವ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್ ಬಂತು. 30 ಗಂಟೆ ಕಲಿತರೆ ಒಂದು ಕ್ರೆಡಿಟ್. ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಮೂರು ವರ್ಷಕ್ಕೆ 120 ಆದರೆ ಡಿಗ್ರಿ.

"ಆಯ್ತು. ಬಡ್ಡಿ?"

"ಇಲ್ಲ ಮಾಮ."

"ಅಡವಿಟ್ಟು ಸಾಲ ತೆಗೀಲಿಕ್ಕೆ ಆಗ್ತದಾ?"

"ಇಲ್ಲ."

"ಮೆಚ್ಯೂರಿಟಿ ಎಂತದಾದ್ರೂ ಉಂಟಾ?"

"ಏಳು ವರ್ಷ."

ಮಾಮನ ಮುಖ ಅರಳಿತು. "ಹಾಗೆ ಹೇಳು! ಏಳು ವರ್ಷಕ್ಕೆ ಡಬ್ಬಲ್?"

"ಇಲ್ಲ ಮಾಮ. ಏಳು ವರ್ಷದ ಒಳಗೆ ಉಪಯೋಗಿಸದಿದ್ರೆ ಹೋಯ್ತು."

ಇಟ್ಟ ಗಂಟು ತನ್ನಷ್ಟಕ್ಕೇ ಕರಗುವ ಬ್ಯಾಂಕನ್ನು ಮಾಮ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಅವರು ಮತ್ತೆ ಪೇಪರ್ ಬಿಡಿಸಿದರು.

ನಾನು ಸುಮ್ನೆ ತಮಾಷೆ ಮಾಡುತ್ತಿಲ್ಲ. ಯೋಚನೆ ಏನೂ ಕೆಟ್ಟದ್ದಲ್ಲ. ಎರಡನೇ ವರ್ಷದಲ್ಲಿ ಮದುವೆ ಮಾಡಿ ಕಳಿಸಿದ ಹುಡುಗಿ, ಅಪ್ಪನ ದೋಣಿ ಮುಳುಗಿ ಮಲ್ಪೆ ಬಂದರಿಗೆ ಕೆಲಸಕ್ಕೆ ಇಳಿದ ಹುಡುಗ, ಇವರೆಲ್ಲ ಓದಿದ್ದು ವ್ಯರ್ಥ ಆಗದೆ ಮುಂದೊಂದು ದಿನ ಅಲ್ಲಿಂದಲೇ ಶುರು ಮಾಡಬಹುದು. ಇದಕ್ಕೆ ಮಲ್ಟಿಪಲ್ ಎಂಟ್ರಿ, ಮಲ್ಟಿಪಲ್ ಎಕ್ಸಿಟ್ ಅಂತ ಹೆಸರು. ನಮ್ಮ ಸಿಟಿ ಬಸ್ಸುಗಳಲ್ಲಿ ಇದು ಮೊದಲಿಂದ ಉಂಟು, ಹತ್ತುವವನು ಇಳಿಯುವವನನ್ನು ನೂಕಿಕೊಂಡೇ ಹತ್ತಬೇಕು, ಅಷ್ಟೇ.

ಕೂದಲಿಗೆ ಸಿಕ್ಕು ಬಿದ್ದದ್ದು ಲೆಕ್ಕ ಶುರುವಾದ ಮೇಲೆ. ಈ ಫ್ರೇಮ್‌ವರ್ಕಿನಲ್ಲಿ ಓದಿಗೆಲ್ಲ ಹಂತ ಉಂಟು. ಹನ್ನೆರಡನೇ ಕ್ಲಾಸು ಮುಗಿಸಿದವರು 4ನೇ ಹಂತ. ಡಿಗ್ರಿ ಮೊದಲ ವರ್ಷ ನಾಲ್ಕೂವರೆ, ಆಮೇಲೆ ಐದು, ಐದೂವರೆ. ಪಿಎಚ್‌ಡಿ ಆದವರು ಎಂಟು. ಚಪ್ಪಲಿ ಅಂಗಡಿಗೆ ಹೋದ ಹಾಗೆ ಆಯಿತು. ಇದರ ಮೇಲೆ ಕ್ರೆಡಿಟನ್ನು ಹಂತದಿಂದ ಗುಣಿಸಿದರೆ ಕ್ರೆಡಿಟ್ ಪಾಯಿಂಟ್. ಕ್ಲಾಸಿನ ಪಾಠ ಮಾತ್ರ ಅಲ್ಲ, ಆಟ, ಸಂಗೀತ, ಯೋಗ, ಸಮಾಜಸೇವೆ, ಕೈಕಸುಬು, ಕೆಲಸದ ಅನುಭವ, ಎಲ್ಲಕ್ಕೂ ಕ್ರೆಡಿಟ್ ಇದೆ. ಅನುಭವ ಜಾಸ್ತಿ ಇದ್ದರೆ ಎರಡು ಪಟ್ಟಿನವರೆಗೂ ತೂಕ ಕೊಡುತ್ತಾರೆ.

ಇದು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಕ್ಷಗಾನದಲ್ಲಿ ಪದ್ಯ ಹಾಡುವ ನಮ್ಮೂರಿನ ಭಾಗವತರೊಬ್ಬರ ಲೆಕ್ಕ ಹಾಕಿದೆ. ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ 180 ಆಟ ಅಂತ ಇಟ್ಟುಕೊಳ್ಳಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಒಂಬತ್ತು ಗಂಟೆ. ಒಟ್ಟು 1620 ಗಂಟೆ. ಮೂವತ್ತರಿಂದ ಭಾಗಿಸಿದರೆ 54 ಕ್ರೆಡಿಟ್. ಅನುಭವಕ್ಕೆ ಎರಡು ಪಟ್ಟು, 108. ಇನ್ನು ಹನ್ನೆರಡು ಸಿಕ್ಕಿದರೆ ಡಿಗ್ರಿ! ಅದು ಮುಂದಿನ ತಿರುಗಾಟದ ಮೊದಲ ಇಪ್ಪತ್ತು ಆಟದಲ್ಲಿ ಮುಗಿಯುತ್ತದೆ. ಬೆಳಗಿನವರೆಗೆ ಹೋಗದೆ ಬೇಗ ಮುಗಿಯುವ ಕಾಲಮಿತಿ ಆಟವಾದರೆ ಇನ್ನೂ ಸ್ವಲ್ಪ ದಿನ ಹಾಡಬೇಕು, ಏನು ಮಾಡುವುದು, ಗಂಟೆ ಗಂಟೆಯೇ ಅಲ್ವಾ.

ಆದರೆ ಮೌಲ್ಯಮಾಪನ ಆಗದೆ ಒಂದು ಕ್ರೆಡಿಟೂ ಇಲ್ಲ ಎಂಬುದು ನಿಯಮ. ಯಾರು ಮಾಡುತ್ತಾರೆ? ದೊಂದಿ ಉರಿಸಿ, ಜನರ ನಡುವಿನಿಂದ ಮಹಿಷಾಸುರ ಆರ್ಭಟಿಸುತ್ತ ಬರುವ ಹೊತ್ತಿಗೆ ಸರಿಯಾಗಿ ಒಬ್ಬರು ಫಾರ್ಮು ಹಿಡಿದು ರಂಗಸ್ಥಳದ ಬದಿಯಲ್ಲಿ ನಿಲ್ಲಬೇಕು. ಕಲಿಕಾ ಫಲಿತಾಂಶ: ಮುಂದಿನ ಸಾಲಿನ ಮಕ್ಕಳು ಅತ್ತಿವೆ. ಇನ್ನೊಂದು ತೊಡಕು ಹಂತದ್ದು. ಭಾಗವತರು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಅವರ ಪದ್ಯದ ಮೇಲೆ ಪಿಎಚ್‌ಡಿ ಮಾಡಿದವರು ಎಂಟನೇ ಹಂತ. ಪದ್ಯ ಹೇಳಿದವರಿಗೆ ಯಾವ ಸೈಜು ಎಂದು ಕೇಳಿದರೆ ಅಂಗಡಿಯಲ್ಲಿ ಸ್ಟಾಕ್ ಇಲ್ಲ.

ಒಳಗಿನಿಂದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರ ಕಾಲೇಜು ಫೀಸು ಕಟ್ಟಿದವಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಕತ್ತರಿ, ಹೊಗೆಸೊಪ್ಪಿನ ಹುಡಿ. ರೇಡಿಯೊ ಕೇಳುತ್ತ, ಅಕ್ಕಪಕ್ಕದವರ ಜೊತೆ ಮಾತಾಡುತ್ತ, ಕೈ ಮಾತ್ರ ಒಂದು ಕ್ಷಣ ನಿಲ್ಲದೆ. "ಹಾಗಾದ್ರೆ ನನ್ನದು ಎಷ್ಟಾಗ್ತದೆ ಮಗಾ?" ಅಂದಳು. ನಾನು ಮೌಲ್ಯಮಾಪನದ ವಿಷಯ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. "ಓ, ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಬೀಡಿ ಕಟ್ಟು ತಿರುಗಿಸಿ ನೋಡಿ ಬಿಸಾಡ್ತಿದ್ದನಲ್ಲ, ಅದಾ? ಬೇಡ ಮಾರಾಯ, ನನಗೆ ಆ ಡಿಗ್ರಿ."

ಇನ್ನು ಅಕೌಂಟ್ ಮಾಡಿಸಿದ ಕಥೆ. ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರಿಗೆ ನಾನೇ ಕರಕೊಂಡು ಹೋದೆ. ಸರ್ಕಾರದ ದಾಖಲೆ ಪೆಟ್ಟಿಗೆ ಡಿಜಿಲಾಕರ್ ತೆರೆದು ಆಧಾರ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ. ಬಂತು, ಆದರೆ ಮುಂಬೈಗೆ. ಹುಡುಗಿಯ ಆಧಾರಿಗೆ ಚಿಕ್ಕಂದಿನಲ್ಲಿ ಕೊಟ್ಟದ್ದು ಅವಳ ಅಪ್ಪನ ನಂಬರ್. ಭಾವ ಅಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು. ಗಂಟೆ ಒಂದೂವರೆ, ಊಟದ ರಶ್ಶು. ನಾನು ಫೋನ್ ಮಾಡಿದರೆ ಆ ಕಡೆಯಿಂದ "ಎರಡು ರೈಸ್ ಪ್ಲೇಟ್, ಒಂದು ಮಸಾಲೆ... ಹಾಂ, ಹೇಳಿ ಭಾವ... ಚಿಲ್ಲರೆ ಕೊಡಿ ಸಾರ್... ಏಳು, ನಾಲ್ಕು, ಸೊನ್ನೆ..." ಅಷ್ಟರಲ್ಲಿ ಹತ್ತು ನಿಮಿಷ ಮುಗಿದು ಓಟಿಪಿ ಸತ್ತುಹೋಯಿತು. ಕ್ರೆಡಿಟಿಗೆ ಏಳು ವರ್ಷ ಆಯುಸ್ಸು, ಅದರ ಬಾಗಿಲ ಕೀಲಿಗೆ ಹತ್ತು ನಿಮಿಷ. ಮೂರನೇ ಸಲಕ್ಕೆ ಬಾಗಿಲು ತೆರೆಯಿತು. ಆಮೇಲೆ ಕಾಲೇಜಿನವರು ಹೇಳಿದರು, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ, ಆದ್ದರಿಂದ ಇವರು ಇಬ್ಬರು ಬೇರೆ ಬೇರೆ ಹುಡುಗಿಯರು. ಇಬ್ಬರನ್ನೂ ಕೂರಿಸಿಕೊಂಡು ಒಂದೇ ಸ್ಕೂಟರಿನಲ್ಲಿ ಮನೆಗೆ ಬಂದೆ.

ತಿದ್ದುಪಡಿಗೆ ಓಡಾಡುವಾಗ ಇನ್ನೊಂದು ಗೊಂದಲ. 2021ರಲ್ಲಿ ನಮ್ಮ ರಾಜ್ಯ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿತು. ನಾಲ್ಕು ವರ್ಷದ ಡಿಗ್ರಿ ಬಂತು. ಸರ್ಕಾರ ಬದಲಾಯಿತು. 2024ರಲ್ಲಿ ಡಿಗ್ರಿ ವಾಪಸ್ ಮೂರು ವರ್ಷಕ್ಕೆ. ಕೃಷ್ಣ ಮಠದಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು, ಅಂದರೆ ಪೂಜೆಯ ಸರದಿಯನ್ನು, ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಎಂಟು ಮಠಕ್ಕೂ ಸರದಿ, ಇನ್ನು ಇನ್ನೂರು ವರ್ಷದ ಆಚೆಗೂ ಯಾವಾಗ ಯಾರದ್ದು ಎಂದು ಕೂತಲ್ಲೇ ಹೇಳಬಹುದು. ನಾಲ್ಕು ವರ್ಷದ ಡಿಗ್ರಿ ಬಾಳಿದ್ದು ಒಂದೂವರೆ ಪರ್ಯಾಯ. ಪರ್ಯಾಯದ ಅಡುಗೆಗೆ ಸೌದೆ ಒಟ್ಟುವ ಮುಹೂರ್ತವನ್ನೂ ತಿಂಗಳುಗಟ್ಟಲೆ ಮೊದಲೇ ಇಡುವ ಊರಿನಲ್ಲಿ, ಜೂನಿನಲ್ಲಿ ಕಾಲೇಜಿಗೆ ಸೇರುವ ಮಕ್ಕಳಿಗೆ ಡಿಗ್ರಿ ಎಷ್ಟು ವರ್ಷದ್ದು ಎಂದು ಮೇ ತಿಂಗಳಲ್ಲಿ ಗೊತ್ತಾಯಿತು.

ಕೊನೆಗೆ ಹನ್ನೆರಡು ಅಂಕಿಯ ಐಡಿ ಸಿಕ್ಕಿತು. ಮೊನ್ನೆ ರಾತ್ರಿ ಊಟ ಆದ ಮೇಲೆ ಹುಡುಗಿ ಅಕೌಂಟ್ ತೆರೆದಳು. ಮೂರು ವರ್ಷದ ಓದು ಮುಗಿದಿದೆ. ಬ್ಯಾಲೆನ್ಸ್ ಸೊನ್ನೆ. ಕಾಲೇಜಿನವರನ್ನು ಕೇಳಿದರೆ ಮೇಲಿನವರು ಹಾಕಬೇಕು ಅನ್ನುತ್ತಾರೆ. ಮೇಲಿನವರನ್ನು ಕೇಳಿದರೆ ಕಾಲೇಜಿನವರು ಕಳಿಸಿಲ್ಲ ಅನ್ನುತ್ತಾರೆ. ಇಬ್ಬರೂ ಸಾಫ್ಟ್‌ವೇರಿನ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಬಾಯಿಲ್ಲ.

ಮಾಮನಿಗೆ ಸುದ್ದಿ ಮುಟ್ಟಿತು. "ಒಂದು ದಿನ ಮೀನು ಮಾರ್ಕೆಟಿನಲ್ಲಿ ಒಬ್ಬಳ ಎರಡು ರೂಪಾಯಿ ಬರೀಲಿಕ್ಕೆ ಮರೆತಿದ್ದೆ" ಅಂದರು. "ಮರುದಿನ ಸೈಕಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು ಮಾರಾಯ. ಬರೆದು ಸೈನ್ ಹಾಕುವವರೆಗೆ ಬಿಡಲಿಲ್ಲ. ನಿನ್ನದು ಮೂರು ವರ್ಷದ್ದು, ನೀನು ಯಾರ ಹ್ಯಾಂಡಲ್ ಹಿಡೀತಿ?"

ಆಮೇಲೆ ಒಳಗೆ ಹೋಗಿ ಟ್ರಂಕು ಎಳೆದ ಸದ್ದು ಕೇಳಿತು. ಅಂಚು ಹಳದಿಯಾದ ಒಂದು ಹಳೇ ರಶೀದಿ ಪುಸ್ತಕ ತಂದರು. ಅಡಿಗೆ ಕಾರ್ಬನ್ ಇಟ್ಟು, ಬಾಲ್‌ಪೆನ್ನು ಒತ್ತಿ ಒತ್ತಿ ಬರೆದರು: ಸಂದಾಯವಾದದ್ದು 120. ಕೆಳಗೆ ಸೈನು, ತಾರೀಕು. ಮೇಲಿನ ಚೀಟಿ ಹರಿದು ಹುಡುಗಿಯ ಕೈಗೆ ಕೊಟ್ಟು, ಕಾರ್ಬನ್ ಕಾಪಿಯನ್ನು ಪುಸ್ತಕದಲ್ಲೇ ಬಿಟ್ಟು, "ಕಳೆದು ಹೋದ್ರೆ ಬಾ, ನನ್ನತ್ರ ಡೂಪ್ಲಿಕೇಟ್ ಉಂಟು" ಅಂದರು.